ಎಡಗಾಲು ಪಂಡಿತರಿಗೆ, ಬಲಗಾಲು ಡಾಕ್ಟರಿಗೆ

ಮದ್ದೂರಿನ ಆಸ್ಪತ್ರೆಯಲ್ಲಿ ನಾನು ಕಾಂಪೌಂಡರ್ ಆಗಿದ್ದಷ್ಟು ದಿನ ಇಂಥದ್ದು ಒಂದಲ್ಲ ಒಂದು ನಡೆದೇ ನಡೆಯುತ್ತಿತ್ತು. ಮಿಕ್ಸ್ಚರ್ ಸೀಸೆ ಹಿಡಿದುಕೊಂಡು ನಗು ತಡೆಯುವ ಕಷ್ಟ ನನಗೇ ಗೊತ್ತು. ನಮ್ಮ ಬೀದಿಯ ಗೌಡರ ಕಾಲುನೋವು ಒಂದೇ ಸಾಕು.

೧. ಮಜ್ಜಿಗೆ

ಗೌಡರು ಕಬ್ಬಿನ ಗದ್ದೆಗೆ ಹೊರಟು ನೂರು ಹೆಜ್ಜೆ ಹಾಕುವಷ್ಟರಲ್ಲಿ ಎರಡೂ ಮೀನಖಂಡ ಹಿಡಿದುಕೊಳ್ಳುತ್ತಿದ್ದವು. ಎರಡು ನಿಮಿಷ ನಿಂತರೆ ನೋವು ಬಿಡುತ್ತಿತ್ತು. ಹೇಳಿಕೊಳ್ಳಲು ಮಾನ ಅಡ್ಡ. ಅದಕ್ಕೇ ನಿಂತಲ್ಲಿ ಎದುರಿಗಿದ್ದ ಮನೆಯ ಹೆಂಚು ನೋಡುತ್ತಾ, "ಚೆಂದಾಗವೆ" ಎನ್ನುವರು.

ದಿನಾ ಅದೇ ಮನೆ. ಆ ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಹುಡುಗಿ, ಗೌಡರ ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಮಗ. ಹುಡುಗಿಯ ಅಪ್ಪ ತನಗೆ ಬೇಕಾದಂತೆ ಅರ್ಥ ಮಾಡಿಕೊಂಡ. ವಾರದೊಳಗೆ ಜಗಲಿಗೆ ಚಾಪೆ ಬಂತು, ಹುಡುಗಿಯ ಕೈಯಲ್ಲಿ ಮಜ್ಜಿಗೆ ಬಂತು. ಕುಡಿದೂ ಕುಡಿದೂ ಗೌಡರಿಗೂ ಸಂಬಂಧ ಹಿಡಿಸಿತು.

"ಕಾಲ್ನೋವಿಗೆ ಸೊಸೆ ಸಿಕ್ಕಿದ್ದ ನಾನೆಲ್ಲೂ ಕಂಡಿಲ್ಲ ಕಣಪ್ಪ" ಎಂದು ನನ್ನ ಹತ್ತಿರ ಮಾತ್ರ ಹೇಳಿದರು.

೨. ಅರ್ಧರ್ಧ ಗದ್ದೆ

ನೋವು ಹೆಚ್ಚಿತು. ನಾನೇ ಅವರನ್ನು ಡಾಕ್ಟರ ಮುಂದೆ ಕೂರಿಸಿದೆ. ಡಾಕ್ಟರು ಪಾದದ ನಾಡಿ ಹಿಡಿದು ನೋಡಿ, "ರಕ್ತನಾಳ ಕಿರಿದಾಗಿದೆ. ಬೀಡಿ ಬಿಡಿ. ನೋವು ಬರೋವರೆಗೆ ನಡೆಯಿರಿ, ನಿಲ್ಲಿ, ಮತ್ತೆ ನಡೆಯಿರಿ. ಇಲ್ಲದಿದ್ದರೆ ಕಾಲೇ ಹೋದೀತು" ಎಂದರು. ಮಳವಳ್ಳಿಯ ಪಂಡಿತರು ಆಗಲೇ ಎಣ್ಣೆ ಕೊಟ್ಟು, ಕಾಲು ಅಲ್ಲಾಡಿಸದೆ ಮಲಗು ಎಂದಿದ್ದರು.

ಗೌಡರು ಯೋಚಿಸಿದರು. "ಫ್ಯಾಕ್ಟ್ರಿಯೋರು ಒಸ ಕಬ್ಬು ಕೊಟ್ಟಾಗ್ಲೂ ಅರ್ಧ ಗದ್ದೆಗೆ ಅದು, ಅರ್ಧಕ್ಕೆ ಅಳೇದು ಆಕಿ ನೋಡ್ದೋನು ನಾನು. ಎಡಗಾಲು ಪಂಡಿತ್ರಿಗೆ, ಬಲಗಾಲು ನಿಮ್ಗೆ ಸ್ವಾಮಿ."

"ಎಡಗಾಲು ಮಲಗಿದ್ದರೆ ಬಲಗಾಲು ಹೇಗ್ರೀ ನಡೆಯುತ್ತೆ?"

"ಎಡಗಾಲು ಸುಮ್ನೆ ಜೊತೆಗ್ ಬತ್ತದೆ. ಕೆಲ್ಸ ಬಲಗಾಲ್ದು."

ಬಾಗಿಲವರೆಗೆ ಹೋದವರು ತಿರುಗಿ ಬಂದರು. "ಪಂಡಿತ್ರು ಬೀಡಿ ಬ್ಯಾಡ ಅಂದಿಲ್ಲ. ಎಡಗಾಲಿನ ಪಾಲಿಂದು ಸೇದ್ಬೋದಾ?"

"ಹೊಗೆಗೆ ನಿಮ್ಮ ಗದ್ದೆಯ ಬದು ಕಾಣಿಸೋದಿಲ್ಲ ಗೌಡರೇ!"

೩. ವಾಸಿಯಾದದ್ದು

ಬೀಡಿ ನಿಂತಿತು, ನಡಿಗೆ ನಿಲ್ಲಲಿಲ್ಲ. ಕೆಲವು ತಿಂಗಳಲ್ಲಿ ಗೌಡರು ಎಲ್ಲೂ ನಿಲ್ಲದೆ ಗದ್ದೆ ಮುಟ್ಟತೊಡಗಿದರು. ಎಡಗಾಲು ವಾಸಿ ಮಾಡಿದ್ದು ತಾವೇ ಎಂದು ಪಂಡಿತರು ಊರೆಲ್ಲ ಹೇಳಿಕೊಂಡರು. ನನಗಂತೂ ಕಾಲು ಉಳಿದದ್ದೇ ಸಂತೋಷ.

ಒಂದು ದಿನ ಹುಡುಗಿಯ ಅಪ್ಪ ಆಸ್ಪತ್ರೆಗೇ ನುಗ್ಗಿದ. "ನಿಮ್ ಗೌಡ ನಮ್ಮನೆ ಕಡೆ ತಿರುಗೂ ನೋಡ್ದೆ ಬಿರಬಿರನೆ ಓಯ್ತಾವ್ನೆ! ಸಂಬಂಧ ಬ್ಯಾಡ್ದಿದ್ರೆ ಬಾಯ್ಬುಟ್ಟು ಏಳ್ಲಿ. ಮಂಡ್ಯದಿಂದ ಬ್ಯಾರೆ ಗಂಡು ಬಂದದೆ, ಸೋಮವಾರ ಮಾತು ಕೊಟ್ಬುಡ್ತೀನಿ."

ಸುದ್ದಿ ಮುಟ್ಟಿಸಿದೆ. ಗೌಡರು ಓಡಿಯೇ ಬಂದು ಡಾಕ್ಟರ ಮುಂದೆ ಕೈಮುಗಿದರು. "ಆ ನೋವು ವಾಪಸ್ ಬೇಕು ಸ್ವಾಮಿ."

"ಹೋಗಿ ಅವರ ಮನೆ ಮುಂದೆ ನಿಂತರಾಯ್ತಲ್ರೀ, ನೋವ್ಯಾಕೆ?"

"ನೋವಿಲ್ದೆ ಎಣ್ಣಿನ ಮನೆ ಮುಂದೆ ನಿಂತ್ಕಳಕೆ ನಾಚ್ಕೆ ಆಯ್ತದೆ. ನಿಮ್ ಬಲಗಾಲು ಅಂಗೇ ಇರ್ಲಿ. ಪಂಡಿತ್ರ ಎಡಗಾಲ್ಗೆ ಸೋಮವಾರದಗಂಟ ನೋವು ಬರೋ ಔಸ್ದಿ ಕೊಡಿ!"