ಸೋಲುವುದನ್ನು ಕಲಿಸುವ ಮಾಸ್ತರು

ಕಮಲಾಪುರದ ಬಸ್ಸು ಸಿಗದೇ ಹೋಗಬಹುದಿತ್ತು. ಸಿಕ್ಕ ಬಸ್ಸು ಕಪನೂರ ದಾಟುವ ಮೊದಲೇ ಕೆಟ್ಟು ನಿಲ್ಲಬಹುದಿತ್ತು. ನನ್ನ ಚೀಲದ ಹುಣಸೆ ಬೀಜಗಳಿಗೆ ಹುಳ ಬಿದ್ದಿರಬಹುದಿತ್ತು. ಪರೀಕ್ಷೆ ನಡೆಸಲು ಬರುವ ಮೇಡಂ ಅವನ್ನು ನೋಡಿ ನಗಬಹುದಿತ್ತು. ನಗದೆಯೂ ಇರಬಹುದಿತ್ತು, ಅದು ಇನ್ನೂ ಭಯಂಕರ. ಖೂಬಾ ಪ್ಲಾಟ್ ಬಡಾವಣೆಯ ಮನೆಯಲ್ಲಿ ಬೆಳಗಿನ ಚಹಾದ ಜೊತೆ ಇದನ್ನೆಲ್ಲ ಹೆಂಡತಿಗೆ ಒಪ್ಪಿಸಿದೆ. "ಭೂಕಂಪ ಒಂದ್ ಬಿಟ್ರಿ ನೋಡ್ರಿ," ಎಂದಳು. ಬಸ್ಸಿನಲ್ಲಿ ಕುಳಿತ ಮೇಲೆ ಅದನ್ನೂ ಸೇರಿಸಿಕೊಂಡೆ.

ನಾನು ಕಲಿಸುವುದು ಮನರಂಜನಾ ಚಿಕಿತ್ಸೆ. ಅಂದರೆ ಆಟ, ಹಾಡು, ಕೈಗೆಲಸಗಳಿಂದ ಕಾಯಿಲೆಯವರ ಮೈಗೂ ಮನಸ್ಸಿಗೂ ಚುರುಕು ತರುವ ವಿದ್ಯೆ. ಎಷ್ಟು ವಿವರಿಸಿದರೂ ನೆಂಟರು, "ಅಂದ್ರ ಪಿ.ಟಿ. ಮಾಸ್ತರ್, ಹೌದಲ್ರಿ?" ಎನ್ನುತ್ತಾರೆ. ಈ ಪಾಠಕ್ಕೆಂದೇ ಹೊರದೇಶದ ಆಟದ ಪೆಟ್ಟಿಗೆಯೊಂದು ಬರುತ್ತದೆ. ಅದರ ಬೆಲೆ ಕೇಳಿ ನಮ್ಮ ಪ್ರಿನ್ಸಿಪಾಲರಿಗೇ ಚಿಕಿತ್ಸೆ ಬೇಕಾಯಿತು. "ಅಗ್ಗದಾಗ ನಡಸ್ತೀರಿ ಅಂದ್ರ ನಡಸ್ರಿ. ಪರೀಕ್ಷಾಕ ಬಂದವ್ರು ಒಪ್ಪಲಿಲ್ಲಂದ್ರ ಮುಂದಿನ ವರ್ಷ ಕೋರ್ಸ್ ಬಂದ್," ಎಂದರು. ಸೂಪರ್ ಮಾರ್ಕೆಟ್ ಪೇಟೆಯ ದರ್ಜಿ ಚಾಚಾನ ಮುಂದೆ ನಿಂತು ಬಟ್ಟೆಯ ಚೂರು ಬೇಡಿದೆ. "ಕ್ಯಾ ಮಾಸ್ತರ್, ಗೊಂಬಿ ಲಗ್ನಾ ಐತೇನ್ರಿ?" ಎನ್ನುತ್ತಲೇ ಚೀಲ ತುಂಬಿಸಿದ. ನಾನೂ ವಿದ್ಯಾರ್ಥಿಗಳೂ ಚೂರು ಜೋಡಿಸಿ ಚೌಕಾಬಾರ ಆಟದ ಹಾಸು ಹೊಲಿದೆವು. ಸಾರಿನ ಹುಣಸೆಯ ಬೀಜವನ್ನು ಹೋಳು ಮಾಡಿ ತಿಕ್ಕಿದರೆ ದಾಳ, ಹಳೆಯ ಅಂಗಿಯ ಗುಂಡಿಗಳೇ ಕಾಯಿ. ಜೊತೆಗೆ, ಖರ್ಚೇ ಇಲ್ಲದ ನನ್ನ ಮೊದಲ ಪಾಠ: "ಗೆಲ್ಲಲು ಹೋಗಬೇಡಿ. ಎದುರಿನವರ ಕೈ ಆಡಿದರೆ ಅದೇ ನಮ್ಮ ಗೆಲುವು." ಇದನ್ನು ಹೇಳುವಾಗ ನನಗೇ ನನ್ನ ಮೇಲೆ ಗೌರವ ಬಂದುಬಿಡುತ್ತಿತ್ತು.

ಬಸ್ಸು ಹೊತ್ತಿಗೆ ಸರಿಯಾಗಿ ಮುಟ್ಟಿತು. ಬೀಜಗಳಿಗೆ ಹುಳ ಬಿದ್ದಿರಲಿಲ್ಲ. ಕಮಲಾಪುರದ ಹಿರಿಯರ ಕೇಂದ್ರದಲ್ಲಿ ಮೇಡಂ ತಾವೇ ನೆಲಕ್ಕೆ ಕುಳಿತು, ಬೀಜಗಳನ್ನು ಅಂಗೈಯಲ್ಲಿ ಆಡಿಸಿ, "ಛಲೋ ಅದಾವ್ರಿ," ಎಂದರು. ನನ್ನ ವಿದ್ಯಾರ್ಥಿನಿ ಶಬಾನಾಳ ಎದುರು ಅಲ್ಲಿನ ಅಜ್ಜಿ ಗುರುಬಾಯಿಯವರು ಕುಳಿತರು. ಲಕ್ವಾ ಹೊಡೆದ ಮೇಲೆ ಅವರ ಬಲಗೈ ಮಡಿಲು ಬಿಟ್ಟು ಏಳುತ್ತಿರಲಿಲ್ಲ, ಆಡಿದ್ದೆಲ್ಲ ಎಡಗೈಯಿಂದ. ಶಬಾನಾ ಬಹಳ ಚೆಂದವಾಗಿ ಸೋತಳು.

"ಏ ತಂಗಿ, ಬೇಕಂತ ಸೋಲಾಕತ್ತೀದಿ. ನನಗೇನು ಗೊತ್ತಾಗಲ್ಲೇನು? ನಿಮ್ಮ ಮಾಸ್ತರಗ ಕೂಡ್ಸು," ಎಂದರು ಗುರುಬಾಯಿ.

ಕುಳಿತೆ. ಅವರ ಕೊನೆಯ ಕಾಯಿ ನಡುಮನೆ ಸೇರಲು ಒಂದೇ ಹೆಜ್ಜೆ ಬಾಕಿ. ಅದನ್ನು ಹೊಡೆಯಲು ನನಗೆ ಬೇಕಾದ ಮೂರು ಬಿತ್ತು. ಬೇರೆ ಕಾಯಿ ನಡೆಸಬಹುದಿತ್ತು. ಕೈ ಕೇಳಲಿಲ್ಲ, ಹೊಡೆದೇಬಿಟ್ಟೆ. ತೊಡೆ ಬೇರೆ ತಟ್ಟಿದೆನಂತೆ, ನನಗೆ ನೆನಪಿಲ್ಲ.

"ಮುದುಕಿ ಕಾಯಿ ಹೊಡ್ದು ಎಷ್ಟು ಖುಷಿ ನೋಡವ್ವ ಇವ್ರಿಗೆ. ತರ್ರಿ ಇಲ್ಲಿ," ಎಂದು ಗುರುಬಾಯಿ ಸಿಟ್ಟಿನಲ್ಲಿ ಬಾಚಿದ್ದು ಬಲಗೈಯಿಂದ. ಎರಡು ಬೀಜ ಜಾರಿದವು, ಎರಡು ಮುಷ್ಟಿಯಲ್ಲಿ ಉಳಿದವು. ಸುತ್ತ ಕುಳಿತವರೆಲ್ಲ ಆ ಕೈ ನೋಡಲು ಮುಂದೆ ಬಾಗಿದರು.

"ಸರ್, ಈ ಪದ್ಧತಿಗೆ ಏನಂತಾರ್ರಿ?" ಎಂದರು ಮೇಡಂ.

"ಇದು ಸಿಲಬಸ್ಸಿನಾಗ ಇಲ್ರಿ," ಎಂದೆ.

"ಮುಂದಿನ ವರ್ಷದ ಬ್ಯಾಚಿಗೆ ಸೇರ್ಸ್ರಿ."

ಕೋರ್ಸು ಉಳಿಯಿತು. ಆಟದಲ್ಲಿ ಮಾತ್ರ ಗುರುಬಾಯಿ ನನ್ನ ಒಂದು ಕಾಯಿಯನ್ನೂ ಉಳಿಸಲಿಲ್ಲ. ಮೇಡಂ ಶಬಾನಾಳತ್ತ ತಿರುಗಿ ಕೊನೆಯ ಪ್ರಶ್ನೆ ಕೇಳಿದರು: "ಸೋತು ಮಾರಿ ಸಣ್ಣದು ಮಾಡ್ಕೊಂಡವ್ರಿಗೆ ಹ್ಯಾಂಗ ಸಮಾಧಾನ ಮಾಡ್ತಿ?" ಅವಳು ಯೋಚಿಸಲೇ ಇಲ್ಲ. ಅಲ್ಲಿದ್ದ ಕೆಂಪು ಬಾಳೆಹಣ್ಣೊಂದನ್ನು ತಂದು ನನ್ನ ಮುಂದೆ ಕುಳಿತು, "ತಿನ್ರಿ ಸರ್. ಇನ್ನೊಂದ್ ಆಟ ಆಡೂಣೇನ್ರಿ?" ಎಂದು ಮೆಲ್ಲಗೆ ಕೇಳಿದಳು. ಪೂರ್ತಿ ಅಂಕ ಬಂತು.

ನಾನು ಹಣ್ಣು ಸುಲಿಯುತ್ತ, ಮೊದಲ ಸರದಿ ನನ್ನದಾದರೆ ಮಾತ್ರ ಎಂದೆ.