ಮೇಲಕ್ಕೆ ಹೋಗುವ ಅರ್ಜಿ

ಒಂದೇ ಒಂದು ಅರ್ಜಿ ಹಾಕುವುದಕ್ಕೆ ನನ್ನ ಸೋದರಮಾವ ನಾಲ್ಕು ವರ್ಷ ತೆಗೆದುಕೊಂಡರು ಎಂದರೆ ನೀವು ನಂಬುವುದಿಲ್ಲ. ನಂಬಲೂ ಬೇಡಿ. ನಿಜವಾಗಿ ಹಿಡಿದದ್ದು ಐದು ವರ್ಷ. ಅವರ ಮರ್ಯಾದೆ ಉಳಿಯಲೆಂದು ಒಂದು ವರ್ಷವನ್ನು ನಾನೇ ಕಡಿಮೆ ಮಾಡಿದ್ದೇನೆ.

ಮಾವ ಕೆ.ಜಿ.ಎಫ್.ನ ಚಿನ್ನದ ಗಣಿಯಲ್ಲಿ ನೆಲದಡಿಯ ಕೆಲಸಗಾರರು. ಸುರಂಗದ ಸೂರು ಯಾರ ತಲೆಯ ಮೇಲೂ ಬೀಳದ ಹಾಗೆ ಮರದ ದಿಮ್ಮಿಗಳನ್ನು ಊರಿ ನಿಲ್ಲಿಸುವುದು ಅವರ ಕೆಲಸ. ಮಾವ ಮತ್ತು ಅತ್ತೆ ಇದ್ದದ್ದು ಗಣಿಯ ಪಕ್ಕದ ಕೋರಮಂಡಲ್‌ನಲ್ಲಿ, ಕಂಪನಿ ಸಾಲಾಗಿ ಕಟ್ಟಿಸಿದ್ದ ಲೈನ್ ಮನೆಗಳಲ್ಲೊಂದರಲ್ಲಿ. ನಾವು ಬಂಗಾರಪೇಟೆಯವರು. ನಾನಾಗ ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್ ಕಲಿಯುತ್ತಿದ್ದೆ. ಅಕ್ಷರ ದುಂಡಗಿದೆ ಎಂಬ ಒಂದೇ ಅಪರಾಧಕ್ಕಾಗಿ, ಶನಿವಾರ ಬಂತೆಂದರೆ ರೈಲು ಹತ್ತಿ ಮಾವನ ಅರ್ಜಿ ಬರೆಯಲು ಹೋಗಬೇಕಾಗಿತ್ತು.

ಅರ್ಜಿ ಯಾವುದಕ್ಕೆ? ಲ್ಯಾಂಪ್ ರೂಮಿನ ಕೆಲಸಕ್ಕೆ. ಗಣಿಯ ಬಾಯಿಯ ಪಕ್ಕದಲ್ಲೇ ಇರುವ ಕೋಣೆ ಅದು. ಕೆಳಗಿಳಿಯುವವನಿಗೆ ಅವನ ನಂಬರಿನ ದೀಪವನ್ನು ಕಿಟಕಿಯಿಂದ ಕೊಡುವುದು, ಅವನು ಹತ್ತಿ ಬಂದಾಗ ವಾಪಸು ಪಡೆದು ಮೊಳೆಗೆ ನೇತುಹಾಕುವುದು, ಇಷ್ಟೇ. ಅಲ್ಲಿ ಬೆಳಕುಂಟು, ಗಾಳಿಯುಂಟು, ಎಲ್ಲಕ್ಕಿಂತ ಮಿಗಿಲಾಗಿ ಒಂದು ಕುರ್ಚಿಯುಂಟು. ಹದಿನೆಂಟು ವರ್ಷ ಬೆನ್ನು ಬಗ್ಗಿಸಿಕೊಂಡೇ ದುಡಿದ ಮಾವನಿಗೆ ಕಣ್ಣೆಲ್ಲ ಆ ಕುರ್ಚಿಯ ಮೇಲೆ. ಅತ್ತೆಗೆ ಕುರ್ಚಿಯ ಗೊಡವೆ ಇರಲಿಲ್ಲ. ಗಂಡ ನೆಲದೊಳಗಿಂದ ಹೊರಗೆ ಬಂದರೆ ಸಾಕಾಗಿತ್ತು.

ಮಾವ ಮೊದಲು ಕೆಲಸ ಕಲಿತು ಆಮೇಲೆ ಅರ್ಜಿ ಹಾಕುವವರ ಪೈಕಿ. ಲೈನ್ ಮನೆಯಲ್ಲಿ ಕುರ್ಚಿ ಎಲ್ಲಿಂದ ಬರಬೇಕು? ಭಾನುವಾರ ಬಂಗಾರಪೇಟೆಗೆ ಬಂದವರೇ ಸ್ಟೇಷನ್ನಿನ ವೇಯ್ಟಿಂಗ್ ರೂಮಿಗೆ ಹೋಗಿ, ಕುರ್ಚಿಯೊಂದರಲ್ಲಿ ನೆಟ್ಟಗೆ ಕೂತು, ಮೂರು ಗಂಟೆ ಅಭ್ಯಾಸ ಮಾಡುತ್ತಿದ್ದರು. ಮದರಾಸಿನ ಗಾಡಿ ಬಂತು, ಹೋಯಿತು. ಬೆಂಗಳೂರಿನ ಗಾಡಿ ಬಂತು, ಅದೂ ಹೋಯಿತು. ಕೊನೆಗೆ ಸ್ಟೇಷನ್ನಿನ ಪೋರ್ಟರು ತಡೆಯಲಾರದೆ ಕೇಳಿದ.

"ಯಾವ ಗಾಡಿಗ್ ಕಾಯ್ತಿದ್ದೀರಾ ಯಜಮಾನ್ರೆ?"

"ಗಾಡೀಗೆಲ್ಲ ಇಲ್ಲಪ್ಪ. ಕೂತ್ಕಳಾಕ್ ಬಂದಿವ್ನಿ."

ಎರಡನೆಯ ಅಭ್ಯಾಸ ಮಾತಿನದು. ಕೆಳಗೆ ಬಂಡೆ ಕೊರೆಯುವ ಗದ್ದಲದಲ್ಲಿ ಕೂಗಿ ಕೂಗಿ, ಮಾವ ಪಕ್ಕದಲ್ಲಿ ಕೂತವರಿಗೆ "ಉಪ್ಪು ಕೊಡು" ಎಂದರೂ ಎದುರು ಲೈನಿನವರು ಉಪ್ಪು ತರುತ್ತಿದ್ದರು. ನೆಲದ ಮೇಲಿನ ಕೆಲಸದವರು ಮೆಲ್ಲಗೆ ಮಾತಾಡುತ್ತಾರೆ ಎಂದು ಅವರಿಗೆ ಯಾರು ಹೇಳಿದರೋ ಕಾಣೆ. ಒಂದು ದಿನ ಆಂಡರ್ಸನ್‌ಪೇಟೆಯ ತರಕಾರಿ ಅಂಗಡಿಯಲ್ಲಿ ಪಿಸುಗುಟ್ಟತೊಡಗಿದರು. ಅಂಗಡಿಯಾಕೆ ತೆಲುಗಿನವಳು. ಮಾವನ ಬಾಯಿ ಆಡುವುದನ್ನೇ ನೋಡಿ ಮರುಗಿಹೋದಳು.

"ಅಯ್ಯೋ ಪಾಪಂ, ಗೊಂತು ಪೋಯಿಂದಾ ಸ್ವಾಮಿ?" ಎಂದವಳೇ, ಗಂಟಲು ಸರಿಹೋಗಲೆಂದು ಒಂದು ಹಿಡಿ ಮೆಣಸು, ಒಂದು ತುಂಡು ಶುಂಠಿ ಕಟ್ಟಿಕೊಟ್ಟಳು. ಮಾವ ಕೇಳಲು ಹೋಗಿದ್ದದ್ದು ಬದನೆಕಾಯಿ. ಪಿಸುಮಾತಿನಲ್ಲಿ ಜಗಳವಾಡುವುದು ಬಾರದೆ, ಮೆಣಸನ್ನೇ ಹಿಡಿದುಕೊಂಡು ಮನೆಗೆ ಬಂದರು.

ಇನ್ನು ಅರ್ಜಿಯ ಕತೆ. ಪ್ರತಿ ಶನಿವಾರ ಬರೆದದ್ದನ್ನು ಮುಂದಿನ ಶನಿವಾರ ತಿದ್ದಬೇಕು. ಆಷಾಢದಲ್ಲಿ ಕೊಡಬಾರದು, ಮಂಗಳವಾರ ಕೊಡಬಾರದು, ದೊರೆ, ಅಂದರೆ ಗಣಿಯ ಮ್ಯಾನೇಜರು, ಸಿಟ್ಟಿನಲ್ಲಿರುವಾಗ ಕೊಡಬಾರದು. ದೊರೆ ಸಿಟ್ಟಿನಲ್ಲಿಲ್ಲದ ದಿನ ಯಾವುದು? ಅದೂ ಸಾಲದು ಎಂಬಂತೆ ಒಂದು ವಾಕ್ಯದ ಬಗ್ಗೆ ನನಗೂ ಅವರಿಗೂ ತೀರದ ತಕರಾರು. ‘ನನ್ನನ್ನು ದಯಮಾಡಿ ಮೇಲಕ್ಕೆ ಕಳಿಸಿಕೊಡಬೇಕು’ ಎಂದು ಬರೆಯಲೇಬೇಕೆಂದು ಅವರ ಹಟ.

"ಮಾವ, ಇದನ್ನ ಓದ್ದೋರು ನಿಮ್ಮನ್ನ ಸಾಯ್ಸಿ ಅಂತ ಕೇಳ್ತಿದ್ದೀರಿ ಅನ್ಕೋತಾರೆ," ಎಂದೆ.

"ನಿಂಗೇನ್ ಗೊತ್ತೈತಮ್ಮ? ನಮ್ ಗಣೀಲಿ ಮೇಲಕ್ಕೋಗೋದು ಅಂದ್ರೆ ಬಿಸ್ಲಿಗೋಗೋದು. ಸಾಯೋನು ಯಾವಾಗ್ಲೂ ಕೆಳ್ಗೇ ಇರ್ತಾನೆ."

ಬಂಗಾರಪೇಟೆಯಲ್ಲಿ ಹಾಗಲ್ಲವಲ್ಲ! ನಮ್ಮೂರಲ್ಲಿ ಒಬ್ಬರು ಮೇಲಕ್ಕೆ ಹೋದರು ಎಂದರೆ ಚಟ್ಟಕ್ಕೆ ಬಿದಿರು ಹುಡುಕುತ್ತೇವೆ. ಆ ವಾಕ್ಯ ಇತ್ಯರ್ಥವಾಗದೆ, ಅರ್ಜಿ ದೇವರ ಪಟದ ಹಿಂದೆ ಮಡಿಸಿಕೊಂಡು ಕೂತಿತ್ತು. ಒಮ್ಮೆ ನಾನು ರೇಗಿ, "ಕೊಟ್ಟೇಬಿಡಿ ಮಾವ, ಏನಾಗತ್ತೆ?" ಎಂದಾಗ ಅವರು, "ಕೊಟ್ರೆ ಇಲ್ಲ ಅಂದ್ಬುಡ್ತಾರೆ. ಕೊಡೋಗಂಟ ಯಾರೂ ಇಲ್ಲ ಅನ್ನಂಗಿಲ್ಲ, ಅಲ್ವಾ?" ಎಂದರು.

ಹೀಗಿರುವಾಗ ಲ್ಯಾಂಪ್ ರೂಮಿನವನಿಗೆ ಜ್ವರ ಬಂದು, ಅರ್ಧ ದಿನದ ಮಟ್ಟಿಗೆ ಮಾವನನ್ನು ಅಲ್ಲಿ ಕೂರಿಸಿದರು. ಮಾವನಿಗೆ ಆನಂದ ತಡೆಯಲಾಗಲಿಲ್ಲ. ಪಕ್ಕದ ಮನೆಯ ತಮಿಳು ಹೆಂಗಸಿಗೆ ಹೇಳಿದರು. ಆಕೆ, ನಮ್ಮೂರಿಂದ ದಿನಾ ರೈಲಿನಲ್ಲಿ ಹೂ ಮಾರಲು ಹೋಗುತ್ತಿದ್ದವಳ ಹತ್ತಿರ, "ಅವರು ಮೇಲೆ ಪೋಯಿಟ್ಟಾರು, ತಂಗಚ್ಚಿಕಿಟ್ಟ ಸೊಲ್ಲಿಡು" ಎಂದಳು. ತಂಗಚ್ಚಿ ಎಂದರೆ ತಂಗಿ, ಅಂದರೆ ನನ್ನ ಅಮ್ಮ. ಹೂವಿನವಳು ಸಂಜೆ ನಮ್ಮ ಮನೆಯ ಮುಂದೆ ಬುಟ್ಟಿ ಇಳಿಸಿ ತಗ್ಗಿದ ದನಿಯಲ್ಲಿ ಹೇಳಿದಳು. "ನಿಮ್ಮಣ್ಣ ಮೇಲಕ್ಕೋದ್ರಂತೆ ಕಣಕ್ಕ."

ನಿನಗಾದರೂ ಅರ್ಥ ಹೊಳೆಯಬಾರದಿತ್ತೆ ಎಂದು ನೀವು ಕೇಳಬಹುದು. ಅಮ್ಮ ಎದೆ ಬಡಿದುಕೊಂಡು ಅಳುತ್ತಿರುವಾಗ ಯಾರಿಗೆ ವ್ಯಾಕರಣ ನೆನಪಾಗುತ್ತದೆ? ಸಿಕ್ಕ ಗಾಡಿಗೆ ಹತ್ತಿದೆವು, ಹನ್ನೊಂದು ಜನ. ಕೋರಮಂಡಲ್ ಸ್ಟೇಷನ್ನಿನಿಂದಲೇ ಗೋಳಾಟ ಶುರು. ಲೈನಿನ ತಿರುವಿಗೆ ಬರುವ ಹೊತ್ತಿಗೆ ಗುರುತಿಲ್ಲದ ನಾಲ್ಕು ಹೆಂಗಸರೂ ನಮ್ಮ ಜೊತೆ ಸೇರಿ ಅಳುತ್ತಿದ್ದರು.

ಮಾವ ಬಾಗಿಲಲ್ಲಿ ಕೂತು ಮುದ್ದೆ ಉಣ್ಣುತ್ತಿದ್ದರು. ಅಷ್ಟೂ ಜನ ಅಳುತ್ತ ಬರುವುದನ್ನು ಕಂಡು ಕೈಯಲ್ಲಿದ್ದ ತುತ್ತು ಜಾರಿತು. ಬಂಗಾರಪೇಟೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡು, ಎದ್ದು ಓಡಿಬಂದು, ನನ್ನ ಅಮ್ಮನನ್ನು ತಬ್ಬಿಕೊಂಡು, ಪಿಸುಮಾತಿನ ಅಭ್ಯಾಸವನ್ನೆಲ್ಲ ಮರೆತು ಹೋ ಎಂದು ಅತ್ತರು.

"ಯಾರ್ ಓಗ್ಬುಟ್ರು ತಾಯಿ? ಯಾರ್ ಓಗ್ಬುಟ್ರು?"

"ನೀನೇ ಕಣಣ್ಣ," ಎಂದಳು ಅಮ್ಮ, ಬಿಕ್ಕುತ್ತ.

ಆಮೇಲೆ ನಗು ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು. ನಗದೇ ಇದ್ದವರು ಅತ್ತೆ ಒಬ್ಬರೇ. ಹನ್ನೊಂದು ಜನಕ್ಕೂ ಅಡುಗೆ ಮಾಡಿ ಬಡಿಸಿದರು. ಬೆಳಗಾಗುತ್ತಲೇ ದೇವರ ಪಟದ ಹಿಂದಿನ ಅರ್ಜಿಯನ್ನು ತೆಗೆದು ಮಾವನ ಜೇಬಿಗೆ ತುರುಕಿದರು.

"ಇವತ್ ಕೊಟ್ಟು ಬನ್ನಿ. ಇಲ್ದಿದ್ರೆ ನಾನೇ ಓಗಿ ದೊರೆ ಕೈಗ್ ಕೊಟ್ಬತ್ತೀನಿ."

ಮಾವ ಕೊಟ್ಟರು. ಅಂದು ಮಂಗಳವಾರ. ಎರಡು ತಿಂಗಳು ಸರಿಯಾಗಿ ಉಣ್ಣಲಿಲ್ಲ, ನಿದ್ದೆ ಮಾಡಲಿಲ್ಲ. ಐದು ವರ್ಷ ಯಾರೂ ಹೇಳದಿದ್ದ ‘ಇಲ್ಲ’ವನ್ನು ಅಂಚೆಯವನ ಮುಖದಲ್ಲೂ ಹುಡುಕಿದರು. ಕೊನೆಗೆ ಕೆಲಸ ಸಿಕ್ಕಿಯೇಬಿಟ್ಟಿತು! ಕುರ್ಚಿ ಮಾತ್ರ ಇರಲಿಲ್ಲ. ಅದನ್ನು ಯಾರೋ ಆಫೀಸಿಗೆ ಎತ್ತಿಕೊಂಡು ಹೋಗಿದ್ದರಂತೆ. ಮಾವ ನಿಂತುಕೊಂಡೇ ದೀಪ ಕೊಟ್ಟರು.

ಅದಾಗಿ ಎರಡು ಮೂರು ವಾರವಾಗಿರಬಹುದು. ಶನಿವಾರ ಮಧ್ಯಾಹ್ನ, ಬರೆಯಲು ಅರ್ಜಿ ಇಲ್ಲದಿದ್ದರೂ ಅಭ್ಯಾಸಬಲದಿಂದ ನಾನು ಕೋರಮಂಡಲ್‌ಗೆ ಹೋಗಿದ್ದೆ. ಅತ್ತೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಇದ್ದಕ್ಕಿದ್ದಂತೆ ನೆಲದೊಳಗೆ ಏನೋ ಗುಡುಗಿ, ಗೂಡಿನಲ್ಲಿದ್ದ ಪಾತ್ರೆಗಳೆಲ್ಲ ಗಲಗಲ ಅಂದವು. ಕೆಳಗೆ ಎಲ್ಲೋ ಬಂಡೆ ಸಿಡಿದಿತ್ತು. ಅತ್ತೆ ಒಲೆಯಿಂದ ಸೌದೆ ಎಳೆದು, ಸೆರಗು ಬಿಗಿದುಕೊಂಡು ಹೊರಟೇಬಿಟ್ಟರು. ಲೈನಿನ ಪ್ರತಿ ಬಾಗಿಲಿನಿಂದಲೂ ಹೆಂಗಸರು ಹೊರಬಂದಿದ್ದರು. ಯಾರೂ ಅಳುತ್ತಿರಲಿಲ್ಲ, ಮಾತಾಡುತ್ತಲೂ ಇರಲಿಲ್ಲ.

"ಅತ್ತೆ, ಮಾವ ಮೇಲೇ ಇದ್ದಾರಲ್ಲ," ಎಂದು ಹಿಂದೆ ಓಡುತ್ತ ಹೇಳಿದೆ. ಅವರಿಗೆ ಕೇಳಿಸಲಿಲ್ಲ.

ಲ್ಯಾಂಪ್ ರೂಮಿನ ಕಿಟಕಿಗೆ ಸಾಲು ನಿಂತಿತ್ತು. ಒಬ್ಬೊಬ್ಬರೂ ಮುಂದೆ ಹೋಗಿ ಗಂಡನದೋ ಮಗನದೋ ದೀಪದ ನಂಬರು ಹೇಳುವುದು, ಮಾವ ಮೊಳೆಯ ಕಡೆ ತಿರುಗಿ ನೋಡಿ ಬಂತು ಅಥವಾ ಇನ್ನೂ ಇಲ್ಲ ಎನ್ನುವುದು. ಅತ್ತೆಯ ಸರದಿ ಬಂತು. ತಲೆ ಎತ್ತದೆ, ಒಳಗೆ ಇರುವವರು ಯಾರು ಎಂದೂ ನೋಡದೆ, "ಮುನ್ನೂರಾ ಆರು ಬಂತಾಣ್ಣ?" ಎಂದರು.

ಅದು ಮಾವನ ಹಳೆಯ ನಂಬರು.

ಮಾವ ಕಂಬಿ ಹಿಡಿದುಕೊಂಡು ಹಾಗೇ ನಿಂತರು. ಗಣಿ ಅದುರಿದ ದಿನವೂ ಮನೆಗೆ ಬಂದಾಗ ಹೆಂಡತಿ ಒಲೆಯ ಮುಂದೆ ತಣ್ಣಗೆ ಕೂತಿರುತ್ತಿದ್ದಳಲ್ಲ, ಅವಳಿಗೆ ಏನೂ ಗೊತ್ತೇ ಆಗುವುದಿಲ್ಲ ಎಂದು ಇಷ್ಟೂ ವರ್ಷ ತಿಳಿದಿದ್ದವರು ಅವರು.

"ಎಷ್ಟ್ ಸಲ ಬಂದಿದ್ಯೆ ಇಲ್ಲಿಗೆ?" ಎಂದು ಕೇಳಿದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅತ್ತೆ ಆಗ ತಲೆ ಎತ್ತಿದರು. "ಅದುರ್ದಾಗೆಲ್ಲ ಬತ್ತಿದ್ದೆ. ದೀಪ ಬಂತು ಅಂದ್ಮೇಲೆ ಓಡೋಗಿ ಸಾರಿಗಿಡ್ತಿದ್ದೆ. ನೀವ್ ಅಸ್ಕೊಂಡ್ ಬತ್ತಿದ್ರಲ್ಲ."

ಸಾಲಿನಲ್ಲಿ ಇನ್ನೂ ಜನ ಕಾಯುತ್ತಿದ್ದರು. ಮಾವ ಕಂಬಿಯ ನಡುವಿನಿಂದ ಕೈ ಚಾಚಿ ಅತ್ತೆಯ ಕೈ ಮುಟ್ಟಿ, "ಬಂದೈತೆ ಕಣೆ. ಮುನ್ನೂರಾ ಆರು ಬಂದೈತೆ, ಮನೇಗೋಗು," ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಮನೆಗೆ ಹೋಗಲಿಲ್ಲ. ಉಳಿದ ಹೆಂಗಸರ ಜೊತೆ ಅಲ್ಲೇ ಗೋಡೆಗೊರಗಿ ನಿಂತರು, ಕೊನೆಯ ದೀಪ ಬಂದು ಮೊಳೆಗೆ ಬೀಳುವವರೆಗೂ.