ಬ್ರೆಡ್ ಬಿಟ್ಟ ಬೇಕರಿಯವನು

ಮನುಷ್ಯ ಮನಸ್ಸು ಮಾಡಿದರೆ ಏನನ್ನು ತಾನೇ ಬಿಡಲಾರ! ರಾಜ್ಯ ಬಿಟ್ಟವರಿದ್ದಾರೆ, ಸಿಂಹಾಸನ ಬಿಟ್ಟವರಿದ್ದಾರೆ. ನಾನು ಬ್ರೆಡ್ ಬಿಟ್ಟೆ. ಇದೇನು ಮಹಾ ಎಂದು ಮೂಗು ಮುರಿಯುವ ಮೊದಲು ಒಂದು ವಿಷಯ ತಿಳಿದಿರಲಿ: ನಾನು ಬೇಕರಿಯವನು. ರಾಜ್ಯ ಬಿಟ್ಟವನು ಕಾಡಿಗೆ ಹೋಗಿ ನೆಮ್ಮದಿಯಾಗಿರುತ್ತಾನೆ. ನಾನಾದರೋ ಬಿಟ್ಟದ್ದನ್ನೇ ದಿನವೂ ಕಲೆಸಿ, ಸುಟ್ಟು, ಮೂಸಿ, ಮಾರಿ ಬದುಕಬೇಕು. ಯಾರ ತ್ಯಾಗ ದೊಡ್ಡದು, ನೀವೇ ಹೇಳಿ!

ಇದಕ್ಕೆಲ್ಲ ಕಾರಣ ಅಂಗಿಯ ಒಂದು ಗುಂಡಿ. ಆ ಬೆಳಿಗ್ಗೆ ಹಿಟ್ಟು ಕಲೆಸುವ ಮಷೀನಿನ ಮೇಲೆ ಬಗ್ಗಿದ್ದೆ. ಹೊಟ್ಟೆಯ ಮೇಲಿನ ಗುಂಡಿ ಎಷ್ಟೋ ಕಾಲದಿಂದ ಹಲ್ಲು ಕಚ್ಚಿ ತಡೆದುಕೊಂಡಿದ್ದದ್ದು, ಅಂದು ಸಹನೆ ಕಳೆದುಕೊಂಡು ಟಪ್ಪೆಂದು ಹಾರಿತು. ತಿರುಗುತ್ತಿದ್ದ ಹಿಟ್ಟಿನೊಳಗೆ ಬಿದ್ದು ಕಣ್ಮರೆಯಾಯಿತು. ಮಷೀನು ನಿಲ್ಲಿಸಿ, ಮೊಣಕೈವರೆಗೆ ಕೈ ಇಳಿಸಿ ತಡಕಾಡಿದೆ. ಸಿಗಲಿಲ್ಲ. ಅಷ್ಟೂ ಹಿಟ್ಟನ್ನು ಎಸೆಯಬೇಕಾಯಿತು.

ಅಂಗಡಿಯ ಗಲ್ಲಾದಲ್ಲಿ ಕೂರುವವಳು ನನ್ನ ಹೆಂಡತಿ. ಅವಳು ಕೂಗಾಡುವವಳಲ್ಲ. ನನಗೆ ಭಯವಿರುವುದೇ ಅದಕ್ಕೆ.

"ಇವತ್ತು ಗುಂಡಿ ಬಿತ್ತು," ಎಂದಳು ಮೆತ್ತಗೆ. "ನಾಳೆ ಬೆಲ್ಟಿನ ಬಕಲ್ ಬೀಳುತ್ತೆ. ನಾಡಿದ್ದು ನೀವೇ ಬೀಳ್ತೀರ. ನಿಮ್ಮನ್ನ ಎಳೆದು ಹೊರಗೆ ತೆಗೆಯೋಕೆ ನನ್ನ ಕೈಲಾಗಲ್ಲ ಕಣ್ರೀ."

"ಇಗೋ, ಈ ಕ್ಷಣದಿಂದ ಬ್ರೆಡ್ಡಿಗೂ ನನಗೂ ವ್ಯಾಪಾರದ ಸಂಬಂಧ ಮಾತ್ರ!" ಎಂದು ಹಿಟ್ಟು ಮೆತ್ತಿದ ಕೈಯನ್ನು ಎತ್ತಿ ಘೋಷಿಸಿದೆ. ಎತ್ತಿದ ರಭಸಕ್ಕೆ ಒಂದು ಉಂಡೆ ಹಿಟ್ಟು ಹೋಗಿ ಗಡಿಯಾರಕ್ಕೆ ಅಂಟಿಕೊಂಡಿತು.

ಅವಳ ತಮ್ಮ ಜಿಮ್ಮಿನಲ್ಲಿ ಜನರಿಗೆ ಕಸರತ್ತು ಮಾಡಿಸುವವನು. ಅವನ ಒಂದೊಂದು ತೋಳೂ ನಮ್ಮ ಅಂಗಡಿಯ ದೊಡ್ಡ ಬ್ರೆಡ್ಡಿನಷ್ಟಿದೆ. ಸುದ್ದಿ ಕೇಳಿ ಸಂಜೆಯೇ ಓಡಿ ಬಂದ.

"ಭಾವ, ಉಪವಾಸಗಿಪವಾಸ ಬೇಡ. ಕಾರ್ಬೋಹೈಡ್ರೇಟ್ ಕಡಿಮೆ ಮಾಡಿ, ಅಷ್ಟೇ. ಬ್ರೆಡ್ಡು, ಬಿಸ್ಕತ್ತು, ಸಕ್ಕರೆ, ಆಲೂಗಡ್ಡೆ ದೂರ ಇಡಿ. ಮೊಟ್ಟೆ, ಚೀಸು, ಸೊಪ್ಪು, ತರಕಾರಿ ಹೊಟ್ಟೆ ತುಂಬ ತಿನ್ನಿ. ಏನೋ ಕಳ್ಕೊಂಡೆ ಅಂತ ಅನ್ನಿಸಲೇಬಾರದು."

"ಬೆಣ್ಣೆ?"

"ಬೆಣ್ಣೆ ಪರವಾಗಿಲ್ಲ."

"ಅದನ್ನ ಯಾವುದಕ್ಕಪ್ಪಾ ಹಚ್ಚಲಿ?"

ಅವನು ಗಂಭೀರವಾಗಿ ಯೋಚಿಸಿ, "ಎಲೆಕೋಸಿಗೆ," ಎಂದ.

ನಗಬೇಡಿ. ಎಲೆಕೋಸಿನ ಅಗಲವಾದ ಎಲೆಯನ್ನು ಹದವಾಗಿ ಬೇಯಿಸಿ, ಬೆಣ್ಣೆ ಸವರಿ, ಒಳಗೆ ಮೊಟ್ಟೆ, ಈರುಳ್ಳಿ, ಮೆಣಸಿನ ಪುಡಿ ಇಟ್ಟು ಸುತ್ತಿದರೆ ಸ್ವರ್ಗಕ್ಕೆ ಇನ್ನೆರಡೇ ಮೆಟ್ಟಿಲು! ಮೊದಮೊದಲು ಬನ್ನಿನ ಟ್ರೇ ಓವನ್ನಿನಿಂದ ಹೊರಬಂದಾಗಲೆಲ್ಲ ನನ್ನ ಕೈ ನನ್ನನ್ನು ಕೇಳದೆಯೇ ಅತ್ತ ಹೋಗುತ್ತಿತ್ತು. ಹೆಂಡತಿ ಬನ್ ಎತ್ತುವ ಇಕ್ಕಳದಿಂದ ಮಣಿಕಟ್ಟಿಗೆ ಮೆಲ್ಲನೆ ಒಂದು ಕೊಡುತ್ತಿದ್ದಳು. ಬರಬರುತ್ತಾ ಕೈ ಬುದ್ಧಿ ಕಲಿಯಿತು. ಪ್ಯಾಂಟು ಸಡಿಲವಾಯಿತು. ಮೈ ಹಗುರ, ಮನಸ್ಸು ಹಗುರ. ಹಗುರಾಗದೆ ಉಳಿದದ್ದು ನನ್ನ ಜಂಬ ಒಂದೇ.

ಆ ಜಂಬವೇ ಕೈಕೊಟ್ಟಿತು.

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಬೆಳಿಗ್ಗೆ ಬೆಳಿಗ್ಗೆಯೇ ಬಂದು ಒಂದು ಬ್ರೆಡ್ ಒಯ್ಯುವವರು. ಒಂದು ದಿನ ಅವರು ಬಂದಾಗ ನಾನು ಗಾಜಿನ ಕಪಾಟಿನ ಹಿಂದೆ ನಿಂತು ಎಲೆಕೋಸು ಕಚ್ಚುತ್ತಿದ್ದೆ.

"ಏನಯ್ಯಾ ಇದು? ಬನ್ ಖಾಲಿಯಾಯ್ತಾ?"

"ಇಲ್ಲ ಸಾರ್, ನಾನೀಗ ಬ್ರೆಡ್ಡು ಬನ್ನು ಮುಟ್ಟೋದೇ ಇಲ್ಲ!"

"ಯಾಕಯ್ಯಾ?"

ತೂಕ ಇಳಿಸುತ್ತಿದ್ದೇನೆ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎದೆಯುಬ್ಬಿಸಿ ನಾನಂದದ್ದು ಬೇರೆ: "ನಮ್ಮ ಆರೋಗ್ಯ ನಮಗೆ ಮುಖ್ಯ ಅಲ್ವಾ ಸಾರ್!"

ಬ್ರೆಡ್ ಹಿಡಿದ ಮೇಷ್ಟ್ರ ಕೈ ಅರ್ಧದಲ್ಲೇ ನಿಂತಿತು. ಅವರು ಬ್ರೆಡ್ಡನ್ನು ನೋಡಿದರು. ನನ್ನನ್ನು ನೋಡಿದರು. ಮಲಗಿದ ಮಗುವನ್ನು ಇಳಿಸುವ ಹಾಗೆ ಬ್ರೆಡ್ಡನ್ನು ಕಪಾಟಿನ ಮೇಲೆ ಇಳಿಸಿ, "ನಾಳೆ ತಗೋತೀನಿ," ಎಂದು ನೇರವಾಗಿ ಎದುರಿನ ಕ್ಷೌರದಂಗಡಿಗೆ ನಡೆದರು.

ಕ್ಷೌರದಂಗಡಿಯ ವಿಷಯ ನಿಮಗೆ ಗೊತ್ತೇ ಇದೆ. ಅಲ್ಲಿ ಕುರ್ಚಿಯಲ್ಲಿ ಕೂತವರು ಕತ್ತಿಯ ಭಯಕ್ಕೆ ತಲೆ ಅಲ್ಲಾಡಿಸುವಂತಿಲ್ಲ. ಹಾಗಾಗಿ ಹೇಳಿದ್ದಕ್ಕೆಲ್ಲ ಎಲ್ಲರ ಒಪ್ಪಿಗೆ ಇದೆ ಎಂದೇ ಲೆಕ್ಕ! ಬೆಳಿಗ್ಗೆ 'ಬೇಕರಿಯವರು ತಮ್ಮ ಬ್ರೆಡ್ ತಾವೇ ತಿನ್ನಲ್ಲವಂತೆ' ಎಂದು ಒಳಗೆ ಹೋದ ಮಾತು, ಮಧ್ಯಾಹ್ನಕ್ಕೆ 'ಹಿಟ್ಟಿನಲ್ಲಿ ಏನೋ ಬೆರೆಸ್ತಾರಂತೆ' ಎಂದು ಹೊಸ ಕ್ರಾಪು ಮಾಡಿಸಿಕೊಂಡು ಹೊರಗೆ ಬಂತು.

ನನಗಿದು ಯಾವುದೂ ತಿಳಿಯದು. ಸಡಿಲವಾದ ಪ್ಯಾಂಟುಗಳನ್ನು ಹೊತ್ತು ಪಕ್ಕದ ಟೈಲರಮ್ಮನ ಬಳಿ ಹೋದೆ.

"ಸೊಂಟ ಹಿಡಿಸಬೇಕಮ್ಮ. ನೋಡಿ, ಹೇಗೆ ಇಳಿದಿದ್ದೀನಿ!"

ಆಕೆ ಟೇಪು ಸುತ್ತಿ ಅಳೆದಳು. ಮುಖ ಸಣ್ಣದಾಯಿತು. "ಎಷ್ಟು ದಿನದಿಂದ ಹೀಗೆ ಅಣ್ಣಾ? ಡಾಕ್ಟರಿಗೆ ತೋರಿಸಿದ್ರಾ?"

"ಡಾಕ್ಟರ್ ಯಾಕೆ? ಎಲ್ಲಾ ಬ್ರೆಡ್ಡಿನ ಮಹಿಮೆ!" ಎಂದು ಗಹಗಹಿಸಿದೆ. ಬಿಟ್ಟ ಬ್ರೆಡ್ಡಿನ ಮಹಿಮೆ ಎಂಬುದು ನನ್ನ ಅರ್ಥ. ಟೈಲರಮ್ಮನ ಕೈಯಿಂದ ಟೇಪು ಜಾರಿ ಬಿತ್ತು.

ಅಂದಿನಿಂದ ನಾನು ಇಳಿಸಿದ ಒಂದೊಂದು ಕಿಲೋ ಕೂಡ ನನ್ನ ಅಂಗಡಿಯ ವಿರುದ್ಧ ಸಾಕ್ಷಿ ಹೇಳತೊಡಗಿತು. ಹಳೆಯ ಗಿರಾಕಿಗಳು ಬಾಗಿಲವರೆಗೆ ಬಂದು, ನನ್ನ ಕೆನ್ನೆ ನೋಡಿ, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಉಳಿದ ಬ್ರೆಡ್ಡನ್ನು ಹೆಂಡತಿ ರಸ್ಕ್ ಮಾಡಿದಳು. ರಸ್ಕೂ ಉಳಿಯಿತು. ಅದನ್ನು ಇನ್ನೇನು ಮಾಡಲು ಬರುತ್ತದೆ? ಮನೆ ಕಟ್ಟಬಹುದಿತ್ತು, ಅಷ್ಟೇ.

ಕೊನೆಗೆ ಹೆಂಡತಿಯೇ ನಾಲ್ಕು ಕಡೆ ವಿಚಾರಿಸಿ ವಿಷಯ ತಿಳಿದು ಬಂದಳು. ನಾನು ಕೆರಳಿದೆ. ದೊಡ್ಡ ರಟ್ಟಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆದು ಬಾಗಿಲಿಗೆ ತೂಗುಹಾಕಿದೆ: 'ನಮ್ಮ ಬ್ರೆಡ್ ತಿಂದು ಇದುವರೆಗೆ ಯಾರಿಗೂ ಏನೂ ಆಗಿಲ್ಲ!'

ಕ್ಷೌರದಂಗಡಿಯವನು ಕತ್ತರಿ ಹಿಡಿದುಕೊಂಡೇ ಬಂದು ಗಟ್ಟಿಯಾಗಿ ಓದಿದ. "ಇದುವರೆಗೆ... ಅಂದ್ರೆ ಇನ್ನು ಮುಂದೆ?"

ದಾರಿಯಲ್ಲಿ ಹೋಗುತ್ತಿದ್ದ ತಾಯಿಯೊಬ್ಬಳು ಮಗುವಿನ ಕೈ ಹಿಡಿದು ರಸ್ತೆಯ ಆ ಬದಿಗೆ ದಾಟಿದಳು. ಹೆಂಡತಿ ಎದ್ದು ಬಂದು ರಟ್ಟನ್ನು ಇಳಿಸಿ, ಎರಡಾಗಿ ಮಡಚಿ, ಅದರಲ್ಲೇ ಸೌದೆ ಓವನ್ನಿನ ಬೂದಿ ಎತ್ತಿದಳು.

ಆ ಮಧ್ಯಾಹ್ನ, ಅಂಗಡಿ ಶುರುವಾದ ಮೇಲೆ ಮೊದಲ ಸಲ, ನಾವು ಓವನ್ ಆರಿಸಿದೆವು. ಬ್ರೆಡ್ಡಿನ ವಾಸನೆ ಇಲ್ಲದ ಬೇಕರಿ ಹೇಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಯಾರೋ ಊರಿಗೆ ಹೋದ ಮನೆಯ ಹಾಗಿತ್ತು. ಇಬ್ಬರೂ ಖಾಲಿ ಟ್ರೇಗಳ ನಡುವೆ ಕೂತೆವು.

"ನೀವು ತಪ್ಪು ಮಾಡಿದ್ರಿ ಅಂತ ನಾನು ಹೇಳಲ್ಲ," ಎಂದಳು ಅವಳು. "ಆದ್ರೆ ಇಷ್ಟು ವರ್ಷ ಜನ ಬೋರ್ಡ್ ನೋಡಿ ಬರ್ತಿದ್ರು ಅಂದ್ಕೊಂಡ್ರಾ? ನಿಮ್ಮ ಹೊಟ್ಟೆ ನೋಡಿ ಬರ್ತಿದ್ರು. ಮಾಡಿದವನೇ ತಿಂತಾನೆ ಅನ್ನೋ ಧೈರ್ಯ."

"ಈಗೇನು ಮಾಡೋಣ?"

"ನಾಳೆ ಬಾಗಿಲಲ್ಲಿ ಕುರ್ಚಿ ಹಾಕ್ತೀನಿ. ಎಲ್ಲರ ಮುಂದೆ ಬ್ರೆಡ್ ತಿನ್ನಿ."

ಮಹಾತ್ಯಾಗಿಯ ತ್ಯಾಗವನ್ನು ತ್ಯಾಗ ಮಾಡಬೇಕಾಗಿ ಬಂತು! ಮಾರನೆಯ ಬೆಳಿಗ್ಗೆ ಓವನ್ ಮತ್ತೆ ಹೊತ್ತಿಸಿ, ಒಗೆದ ಅಂಗಿ ತೊಟ್ಟು ಬಾಗಿಲಲ್ಲಿ ಕೂತೆ. ಮಡಿಲಲ್ಲಿ ಹಬೆಯಾಡುವ ಬ್ರೆಡ್ಡು. ಮೇಷ್ಟ್ರು ಬಂದರು, ಕ್ಷೌರದಂಗಡಿಯವನು ಬಂದ, ಅರ್ಧ ಗಡ್ಡ ಹೆರೆಸಿಕೊಂಡಿದ್ದ ಅವನ ಗಿರಾಕಿಯೂ ಬಂದ. ಟೈಲರಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತಳು.

ಇಕ್ಕಳದ ಭಯವಿಲ್ಲದೆ ಬ್ರೆಡ್ ಮುಟ್ಟಿ ಎಷ್ಟು ಕಾಲವಾಗಿತ್ತು! ಆ ಮೆದು, ಆ ಬಿಸಿ, ಆ ಘಮ! ಜನರನ್ನೂ ಮರೆತೆ, ಭಾವಮೈದುನನನ್ನೂ ಮರೆತೆ. ಬಾಯಿಗೆ ಹಾಕಿದ್ದು ಎಷ್ಟೆಂದು ನನಗೇ ತಿಳಿಯಲಿಲ್ಲ. ಗಂಟಲಿಗೆ ಸಿಕ್ಕಿತು. ಕೆಮ್ಮಿದೆ. ಕಣ್ಣು ಮೇಲಾಯಿತು.

"ಅಯ್ಯೋ, ಶುರುವಾಯ್ತು!" ಎಂದು ಕಿರುಚಿದ ಕ್ಷೌರದಂಗಡಿಯವನು.

ಗುಂಪು ಎರಡು ಹೆಜ್ಜೆ ಹಿಂದೆ ಸರಿಯಿತು. ಹೆಂಡತಿ ಅವಸರವಿಲ್ಲದೆ ಬಂದು ಬೆನ್ನಿಗೆ ಗುದ್ದಿ ನೀರು ಕುಡಿಸಿದಳು. ನನ್ನ ಕೈಯಲ್ಲಿದ್ದ ಬ್ರೆಡ್ಡಿನಿಂದ ಒಂದು ಚೂರು ಕಿತ್ತು, ಎಲ್ಲರೂ ನೋಡುತ್ತಿರುವಂತೆ ನಿಧಾನವಾಗಿ ಅಗಿದು ನುಂಗಿದಳು.

"ಕಾಯಿಲೆ ಅಲ್ಲ, ಆಸೆ," ಎಂದಳು. "ಒಂದೇ ತುತ್ತಿಗೆ ಅರ್ಧ ಬ್ರೆಡ್ ತುರುಕಿದ್ದಾರೆ."

ಮೊದಲು ನಕ್ಕವರು ಮೇಷ್ಟ್ರು. ನಗುತ್ತಲೇ ಒಳಗೆ ಹೋಗಿ ತಮ್ಮ ಬ್ರೆಡ್ ಎತ್ತಿಕೊಂಡರು. ನನ್ನ ಜೀವ ಜಾಗಕ್ಕೆ ಬಂತು, ಬ್ರೆಡ್ಡು ಮತ್ತೆ ಬಾಯಿಗೆ ಹೋಯಿತು.

ಟೈಲರಮ್ಮ ಮಾತ್ರ ಹೆಂಡತಿಯ ಹತ್ತಿರ ಸರಿದು, ಪಿಸುದನಿಯಲ್ಲಿ ಕೇಳಿದಳು: "ಕಾಯಿಲೆ ಇಲ್ಲ ಅಂದ್ರೆ, ಅಣ್ಣ ಇಷ್ಟು ಸಣ್ಣ ಆಗೋಕೆ ಏನು ಮಾಡಿದ್ರು ಅಕ್ಕಾ?"

ಹೆಂಡತಿ ಗಲ್ಲಾದ ಮೇಲಿನ ಧೂಳು ಒರೆಸುತ್ತಾ ಶಾಂತವಾಗಿ ಉತ್ತರಿಸಿದಳು: "ಬ್ರೆಡ್ ಬಿಟ್ಟು ಬೇರೇನೂ ಇಲ್ಲಮ್ಮ."

ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬ್ರೆಡ್ ಬಿಟ್ಟೆ, ಬೇರೇನೂ ಮಾಡಲಿಲ್ಲ. ಆದರೆ ಟೈಲರಮ್ಮನ ಕಣ್ಣೆದುರಿಗೆ ನಾನು ಎರಡೂ ಕೆನ್ನೆಯಲ್ಲಿ ಬ್ರೆಡ್ ತುಂಬಿಕೊಂಡು ಕೂತಿದ್ದೆ! ಆಕೆಯ ಮುಖ ಅರಳಿತು. "ಬರೀ ಬ್ರೆಡ್ಡಾ?" ಎಂದವಳೇ ಎರಡು ದೊಡ್ಡ ಬ್ರೆಡ್ ಕಟ್ಟಿಸಿಕೊಂಡಳು. ಹಾಗಲ್ಲಮ್ಮ ಎನ್ನಲು ನಾನು ಬಾಯಿ ತೆರೆದೆ. ಬಾಯಲ್ಲಿ ಮಾತಿಗೆ ಜಾಗವಿರಲಿಲ್ಲ.

ಈ ಸಲ ಕ್ಷೌರದಂಗಡಿ ನಮ್ಮ ಪರವಾಗಿ ಕೆಲಸ ಮಾಡಿತು. 'ಆ ಬ್ರೆಡ್ ತಿಂದ್ರೆ ಸಣ್ಣ ಆಗ್ತಾರಂತೆ' ಎಂಬ ಮಾತು ಬೀದಿಯೆಲ್ಲ ಹಬ್ಬಿತು. ಸಂಜೆಯೊಳಗೆ ಕಪಾಟು ಖಾಲಿ, ರಸ್ಕೂ ಖಾಲಿ. ನಾನು ಹಿಗ್ಗಿ, ಕುರ್ಚಿಯನ್ನು ಒಳಗೆ ಎತ್ತಿಡಲು ಹೋದೆ.

"ಅಲ್ಲೇ ಇರಲಿ," ಎಂದಳು ಹೆಂಡತಿ. "ನಾಳೆಯಿಂದ ದಿನಾ ಅಲ್ಲಿ ಕೂತು ಬ್ರೆಡ್ ತಿನ್ನಬೇಕು."

"ಹಾಗಾದ್ರೆ ಇನ್ನು ದಪ್ಪ ಆಗಬಹುದು ಅನ್ನು!" ಎಂದೆ ಆಸೆಯಿಂದ.

"ಒಂದು ಚೂರೂ ಆಗಕೂಡದು," ಎಂದಳು ಅವಳು ದೀಪ ಆರಿಸುತ್ತಾ. "ನೀವು ದಪ್ಪ ಆದ್ರೆ, ಈ ಸಲ ನಿಜವಾಗ್ಲೂ ತಪ್ಪು ಬ್ರೆಡ್ಡಿನದೇ ಅಂತಾರೆ!"